ಉಪ್ಪುನೀರಿನ ಅಕ್ವೇರಿಯಂ: ಉಷ್ಣತೆಯ ನಿಯಂತ್ರಣ

ಹವಳ ಹಾಗೂ ಉಷ್ಣವಲಯದ ಕಡಲಮೀನುಗಳನ್ನು ಸಾಕುವ ಮನೆಯ ತೊಟ್ಟಿಯ ನೀರನ್ನು ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ, ಹೆಚ್ಚು ಏರಿಳಿತವಿಲ್ಲದಂತೆ ಕಾಪಾಡಲಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಆಗ ಮೀನುಗಳು ಮೇಲಕ್ಕೆ ಬಂದು ಕಿವಿರುಗಳನ್ನು ಬಿರುಸಾಗಿ ಆಡಿಸುತ್ತವೆ. ಬಿಸಿ ಹೆಚ್ಚಾದರೆ ಹವಳಗಳು ತಮ್ಮೊಳಗಿನ ಸಹಜೀವಿ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ.

ಚಳಿಗೆ ಥರ್ಮೋಸ್ಟಾಟ್ ಇರುವ ಹೀಟರ್, ಸೆಕೆಗೆ ಚಿಲ್ಲರ್ ಅಥವಾ ಫ್ಯಾನ್ ಬಳಕೆಯಲ್ಲಿವೆ. ಪಂಪು, ದೀಪಗಳ ಶಾಖವೂ ನೀರಿಗೆ ಸೇರುತ್ತದೆ. ಫ್ಯಾನಿನ ಗಾಳಿಗೆ ನೀರು ಆವಿಯಾಗಿ ತಂಪಾಗುತ್ತದೆ, ಆದರೆ ಉಪ್ಪು ತೊಟ್ಟಿಯಲ್ಲೇ ಉಳಿದು ಲವಣಾಂಶ ಏರುತ್ತದೆ. ಹಾಗಾಗಿ ಆವಿಯಾದಷ್ಟನ್ನು ಉಪ್ಪು ಬೆರೆಸದ ಆರ್‌ಒ ನೀರಿನಿಂದ ತುಂಬಬೇಕು.

ಥರ್ಮೋಸ್ಟಾಟ್ ಕೆಟ್ಟು ಹೀಟರ್ ಉರಿಯುತ್ತಲೇ ಉಳಿದರೆ ತೊಟ್ಟಿಯ ಜೀವಿಗಳೆಲ್ಲ ಸಾಯಬಹುದು. ಪ್ರತ್ಯೇಕ ಥರ್ಮಾಮೀಟರ್ ಇಟ್ಟು ದಿನವೂ ನೋಡುವುದು ಅಗತ್ಯ.