ಉಮಾದೇವಿ ಮತ್ತು ಪೋಲಿಷ್ ಕಾವ್ಯ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಂದಿದುರ್ಗ, ಚಾಂಪಿಯನ್ ರೀಫ್ ಮೊದಲಾದ ಗಣಿಗಳಿದ್ದ ಕೋಲಾರದ ಚಿನ್ನದ ಪ್ರದೇಶವನ್ನು ತಲುಪಿತು. ಅಲ್ಲಿಂದ ಮೊದಲ್ಗೊಂಡ ಮೈಸೂರು ಸಂಸ್ಥಾನದ ವಿದ್ಯುದೀಕರಣವು ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ (1926–41) ಬೆಂಗಳೂರಿನ ಸರ್ಕಾರಿ ವಿದ್ಯುತ್ ಉಪಕರಣಗಳ ಕಾರ್ಖಾನೆಯವರೆಗೆ ಬೆಳೆಯಿತು. ಆ ಕಾರ್ಖಾನೆಯ ಹೊಣೆ ಹೊತ್ತವರು ವಾರ್ಸಾದಿಂದ ಬಂದ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್. ಮುಂದೆ ಭಾರತಾನಂದರೆಂದು ಹೆಸರಾದ ಇವರು ಗಾಂಧೀಜಿಯ ಚರಕದ ಪ್ರಯೋಗಗಳಲ್ಲಿಯೂ ರಮಣ ಮಹರ್ಷಿಗಳ ಸನ್ನಿಧಿಯಲ್ಲಿಯೂ ಸಮಾನ ಶ್ರದ್ಧೆಯಿಂದ ತೊಡಗಿದವರು. ಇವರ ಸಂಗಡಿಗರಾದ ವಾಂಡಾ ಡಿನೋವ್ಸ್ಕಾ (1888–1971) ಥಿಯಾಸಫಿಯ ಮಾರ್ಗವಾಗಿ 1935ರಲ್ಲಿ ಭಾರತಕ್ಕೆ ಬಂದು ಉಮಾದೇವಿ ಎನಿಸಿಕೊಂಡರು.

ಡಿನೋವ್ಸ್ಕಾ ಅವರ ಅಧ್ಯಾತ್ಮ ಜಿಜ್ಞಾಸೆಯನ್ನು ಭಾರತದಿಂದಲೇ ಆರಂಭಿಸಿ ವಿವರಿಸುವುದು ಸರಿಯಾಗದು. 1795ರಿಂದ 1918ರವರೆಗೆ ಪೋಲೆಂಡ್ ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಅದನ್ನು ಹಂಚಿಕೊಂಡಿದ್ದವು. ದೇಹ ಅಳಿದರೂ ಆತ್ಮ ಉಳಿಯುವುದೆಂಬ ನಂಬಿಕೆಯು ಅಲ್ಲಿಯ ಕವಿಗಳಿಗೆ ರಾಷ್ಟ್ರದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಮಿತ್ಸ್ಕಿಯೆವಿಚ್ (1798–1855) ತನ್ನ ನಾಡಿನ ಯಾತನೆಯನ್ನು ಕ್ರಿಸ್ತನ ಶಿಲುಬೆಗೆ ಹೋಲಿಸಿ ಕಂಡನು. ಸ್ವೊವಾತ್ಸ್ಕಿಯಾದರೋ (1809–49) ಇನ್ನೂ ಮುಂದೆ ಹೋದನು. 1847ರಲ್ಲಿ ಮೊದಲ ಭಾಗ ಪ್ರಕಟವಾದ ಅವನ ‘ರಾಜಾತ್ಮ’ ಕಾವ್ಯದಲ್ಲಿ ಒಂದೇ ಚೇತನವು ಪೋಲೆಂಡಿನ ಅರಸರ ದೇಹಗಳನ್ನು ಒಂದಾದ ಮೇಲೊಂದರಂತೆ ಧರಿಸುತ್ತದೆ.

ಪುನರ್ಜನ್ಮದ ಈ ಕಲ್ಪನೆಯು ಥಿಯಾಸಫಿಯ ಓದುಗರಿಗೆ ಆಪ್ತವಾದುದು ಸಹಜ. ಆದರೆ ಇದು ನಮ್ಮ ಕರ್ಮಸಿದ್ಧಾಂತವಲ್ಲ. ಸ್ವೊವಾತ್ಸ್ಕಿಯ ಚೇತನವು ಮೊದಲು ತಾಳುವುದು ಕ್ರೂರಿ ದೊರೆ ಪೊಪಿಯೆಲನ ಜನ್ಮವನ್ನು. ಹಿಂಸೆಯೂ ಅದರ ವಿಕಾಸಕ್ಕೆ ಸಾಧನ. ಭವಚಕ್ರದಿಂದ ಬಿಡುಗಡೆ ಅದರ ಗುರಿಯಲ್ಲ, ಇನ್ನೂ ಉನ್ನತವಾದ ರೂಪವನ್ನು ಪಡೆಯುವುದೇ ಗುರಿ. ಎರಡನ್ನೂ ಒಂದೇ ಸತ್ಯದ ಎರಡು ನುಡಿಗಳೆಂದು ಗ್ರಹಿಸುವ ಥಿಯಾಸಫಿಯ ಸಮನ್ವಯದೃಷ್ಟಿಗೆ ಈ ಅಂತರ ಅಷ್ಟಾಗಿ ಕಾಣದು. ಶ್ರೀ ಅರವಿಂದರ ವಿಕಾಸತತ್ತ್ವವನ್ನು ಬೇಂದ್ರೆ, ಮಧುರಚೆನ್ನರ ಮೂಲಕ ಬಲ್ಲ ಕನ್ನಡ ಓದುಗರಿಗೆ, ಪೋಲಿಷ್ ಕವಿ ಅದ್ವೈತಕ್ಕಿಂತ ಅರವಿಂದರಿಗೇ ಹತ್ತಿರದವನಾಗಿ ತೋರಿದರೆ ಆಶ್ಚರ್ಯವಿಲ್ಲ.

1944ರಲ್ಲಿ ಡಿನೋವ್ಸ್ಕಾ ಗುಜರಾತಿ ಕವಿ ಹರಿಶ್ಚಂದ್ರ ಭಟ್ಟರೊಡನೆ ‘ದಿ ಸ್ಕಾರ್ಲೆಟ್ ಮ್ಯೂಸ್’ ಎಂಬ ಪೋಲಿಷ್ ಕವಿತೆಗಳ ಇಂಗ್ಲಿಷ್ ಸಂಕಲನವನ್ನು ಮುಂಬಯಿಯ ನಳಂದಾ ಪ್ರಕಾಶನದಿಂದ ಹೊರತಂದರು. ಅದೇ ವರ್ಷದ ಆಗಸ್ಟಿನಿಂದ ಅಕ್ಟೋಬರಿನವರೆಗೆ ವಾರ್ಸಾ ನಗರವು ನಾಜಿಗಳ ವಿರುದ್ಧ ದಂಗೆಯೆದ್ದು ನೆಲಸಮವಾಯಿತು. ಕೊಲ್ಹಾಪುರದ ಬಳಿಯ ವಳಿವಡೆಯ ಶಿಬಿರದಲ್ಲಿ ಆಗ ಸಾವಿರಾರು ಪೋಲಿಷ್ ನಿರಾಶ್ರಿತರಿದ್ದರು. ಮತ್ತೊಮ್ಮೆ ನೆಲ ಕಳೆದುಕೊಂಡವರ ಈ ಕಾವ್ಯವನ್ನು, ತಾನೇ ಪರಾಧೀನವಾಗಿದ್ದ ಭಾರತದ ಓದುಗನು ಬರಿಯ ಅನ್ಯದೇಶದ ಸಾಹಿತ್ಯವೆಂದು ಓದಲು ಸಾಧ್ಯವಿರಲಿಲ್ಲ. ಆ ವರ್ಷವೇ ಡಿನೋವ್ಸ್ಕಾ ಮತ್ತು ಫ್ರೀಡ್‌ಮನ್ ಮದರಾಸಿನಲ್ಲಿ ಪೋಲಿಷ್–ಭಾರತೀಯ ಗ್ರಂಥಮಾಲೆಯನ್ನು ಆರಂಭಿಸಿದರು. ಅದರಿಂದ ಭಾರತೀಯ ಗ್ರಂಥಗಳು ಪೋಲಿಷ್ ಭಾಷೆಗೆ ಸಂದವು. ಭಗವದ್ಗೀತೆಯ ಅನುವಾದ ಡಿನೋವ್ಸ್ಕಾ ಅವರದೇ.

1960ರ ಅನಂತರ ಟಿಬೆಟ್ಟಿನ ನಿರಾಶ್ರಿತರ ಸೇವೆಗೆ ತೊಡಗಿದ ಉಮಾದೇವಿ, 1971ರ ಮಾರ್ಚ್ 20ರಂದು ಮೈಸೂರಿನಲ್ಲಿ ನಿಧನರಾದರು.