ಬೌಲಿಂಗ್ ಚೆಂಡಿನ ಮೇಲ್ಮೈ ಹದ
ಹತ್ತು ಪಿನ್‌ಗಳ ಬೌಲಿಂಗ್‌ನಲ್ಲಿ ಲೇನಿನ (ಚೆಂಡು ಉರುಳುವ ಹಾದಿಯ) ಮೇಲೆ ಸವರಿದ ಎಣ್ಣೆಗೆ ತಕ್ಕಂತೆ ಚೆಂಡಿನ ಮೈಯನ್ನು ಒರಟಾಗಿಸುವ ಇಲ್ಲವೇ ನುಣುಪಾಗಿಸುವ ಕ್ರಮ. ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಎಣ್ಣೆ ಸಾಮಾನ್ಯವಾಗಿ 40 ಅಡಿಯ ಆಸುಪಾಸಿನವರೆಗೆ ಮಾತ್ರ. ಎಣ್ಣೆ ದಟ್ಟವಾಗಿದ್ದರೆ ಚೆಂಡನ್ನು 500 ಅಥವಾ 1000 ಗ್ರಿಟ್‌ನ ಒರಟು ಪ್ಯಾಡಿನಿಂದ ಉಜ್ಜುತ್ತಾರೆ. ಮೈ ಮಂಕಾಗುತ್ತದೆ, ಆ ಸೂಕ್ಷ್ಮ ಗೀರುಗಳು ಎಣ್ಣೆಯ ಪದರವನ್ನು ಭೇದಿಸಿ ಲೇನನ್ನು ಹಿಡಿಯುವುದರಿಂದ ಚೆಂಡು ಬೇಗ ತಿರುಗುತ್ತದೆ. ಒಣ ಲೇನಿನಲ್ಲಿ ಅದೇ ಚೆಂಡು ದಾರಿಯಲ್ಲೇ ಶಕ್ತಿ ಕಳೆದುಕೊಂಡು ಪಿನ್ನಿನ ಬಳಿ ಸೋಲುತ್ತದೆ. ಅಲ್ಲಿ 4000 ಗ್ರಿಟ್‌ನ ನುಣುಪು ಪ್ಯಾಡು ಅಥವಾ ಪಾಲಿಶ್ ಮೇಲು. ಆಡಿದಷ್ಟೂ ಗೀರು ಸವೆಯುತ್ತದೆ. ಹಾಗಾಗಿ ಹೊಸ ಚೆಂಡು ಕೊಳ್ಳುವ ಮೊದಲು ಹಳೆಯದರ ಮೈ ಬದಲಿಸಿ ನೋಡುವುದೇ ಜಾಣತನ. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿಯ ನಿಯಮದಂತೆ, ಉಜ್ಜುವುದಾದರೆ ಇಡೀ ಚೆಂಡನ್ನು ಉಜ್ಜಬೇಕು. ಸ್ಪರ್ಧೆ ನಡೆಯುತ್ತಿರುವಾಗ ಉಜ್ಜುವಂತಿಲ್ಲ.