ಮಜ್ದಾ ಆರ್‌ಎಕ್ಸ್-7: ಎಂಜಿನ್ನಿನ ಕಾವು ಇಳಿಸುವ ಮಾರ್ಪಾಡುಗಳು

ಜಪಾನಿನ ಮಜ್ದಾ ಕಂಪನಿ 1991ರ ಕೊನೆಯಲ್ಲಿ ಹೊರತಂದ ಮೂರನೇ ತಲೆಮಾರಿನ ಆರ್‌ಎಕ್ಸ್-7 ಕಾರನ್ನು ಅಭಿಮಾನಿಗಳು ‘ಎಫ್‌ಡಿ’ ಎಂದೇ ಕರೆಯುತ್ತಾರೆ. 2002ರವರೆಗೆ ತಯಾರಾದ ಈ ಕಾರಿನಲ್ಲಿ ಪಿಸ್ಟನ್ನುಗಳಿಲ್ಲ. ತ್ರಿಕೋನಾಕಾರದ ಎರಡು ರೋಟರುಗಳು ತಿರುಗುವ 1308 ಸಿಸಿಯ ರೋಟರಿ ಎಂಜಿನ್, ಅದಕ್ಕೆ ಜೋಡಿ ಟರ್ಬೊ. ಮೊದಲು 255 ಪಿಎಸ್ ಇದ್ದ ಶಕ್ತಿ 1999ರ ಮಾದರಿಯಲ್ಲಿ 280 ಪಿಎಸ್‌ಗೆ ಏರಿತು. ಅಷ್ಟು ಚಿಕ್ಕ ಎಂಜಿನ್ನಿನಿಂದ ಅಷ್ಟು ಶಕ್ತಿ ಹೊರಟಾಗ ಜೊತೆಗೆ ಹುಟ್ಟುವ ಕಾವೂ ಅಪಾರ. ಹಾಗಾಗಿ ಈ ಕಾರನ್ನು ಬಲ್ಲವರು ಟರ್ಬೊ ಬದಲಿಸುವ ಮಾತಿಗಿಂತ ಮುಂಚೆ ಕೂಲಿಂಗ್ ವ್ಯವಸ್ಥೆಗೆ ಕೈಹಾಕುತ್ತಾರೆ. ಈ ಕ್ರಮವೇ ಸರಿಯಾದದ್ದು.

ರೋಟರಿ ಎಂಜಿನ್ ಕಾವಿಗೆ ಏಕೆ ಹೆದರುತ್ತದೆ?

ಸಾಮಾನ್ಯ ಪಿಸ್ಟನ್ ಎಂಜಿನ್ನಿನಲ್ಲಿ ತಣ್ಣನೆಯ ಗಾಳಿ ಒಳಬರುವುದೂ ಇಂಧನ ಉರಿಯುವುದೂ ಒಂದೇ ಸಿಲಿಂಡರಿನಲ್ಲಿ, ಒಂದಾದ ಮೇಲೊಂದು. ಉರಿದ ಜಾಗಕ್ಕೆ ಪ್ರತಿ ಸುತ್ತಿನಲ್ಲೂ ತಂಪು ಸಿಗುತ್ತದೆ. ರೋಟರಿಯಲ್ಲಿ ಹಾಗಿಲ್ಲ. ಗಾಳಿ ಯಾವಾಗಲೂ ಒಂದು ಬದಿಯಲ್ಲಿ ಬರುತ್ತದೆ, ಉರಿ ಯಾವಾಗಲೂ ಸ್ಪಾರ್ಕ್ ಪ್ಲಗ್ ಇರುವ ಇನ್ನೊಂದು ಬದಿಯಲ್ಲೇ. ಎಂಜಿನ್ನಿನ ಒಂದು ಮಗ್ಗುಲು ತಂಪಾಗಿಯೂ ಮತ್ತೊಂದು ಮಗ್ಗುಲು ಸದಾ ಬಿಸಿಯಾಗಿಯೂ ಉಳಿಯುತ್ತದೆ.

ಇದರ ಮೇಲೆ ಲೋಹಗಳ ತೊಡಕು ಬೇರೆ. ರೋಟರ್ ತಿರುಗುವ ಹೌಸಿಂಗ್ ಅಲ್ಯೂಮಿನಿಯಮ್ಮಿನದು, ಅದರ ಎರಡೂ ಪಕ್ಕದ ತಟ್ಟೆಗಳು ಎರಕದ ಕಬ್ಬಿಣದವು. ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಉದ್ದನೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಇವುಗಳ ನಡುವೆ ಕೂಲೆಂಟ್ ಸೋರದಂತೆ ತಡೆಯುವುದು ರಬ್ಬರಿನ ತೆಳು ಸೀಲುಗಳು. ಕಾವು ಮಿತಿಮೀರಿದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸೀಲುಗಳು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತವೆ. ಆಮೇಲೆ ಕೂಲೆಂಟ್ ಉರಿಯುವ ಕೋಣೆಗೆ ನುಸುಳುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಮತ್ತೆ ಮತ್ತೆ ಕಡಿಮೆಯಾಗುವ ಕೂಲೆಂಟ್ ಇದರ ಲಕ್ಷಣ. ಪಿಸ್ಟನ್ ಎಂಜಿನ್ನಾದರೆ ಹೆಡ್ ಗ್ಯಾಸ್ಕೆಟ್ ಬದಲಿಸಿ ಮುಗಿಸಬಹುದಿತ್ತು. ಇಲ್ಲಿ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಲೇಬೇಕು.

ಮೊದಲು ಮೀಟರ್, ಆಮೇಲೆ ಉಳಿದದ್ದು

ಕಾರಿನೊಡನೆ ಬಂದ ತಾಪಮಾನದ ಮುಳ್ಳನ್ನು ನಂಬುವಂತಿಲ್ಲ. ಕೂಲೆಂಟ್ 80ರ ಆಸುಪಾಸಿನಲ್ಲಿದ್ದರೂ 105 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಅದು ನಡುಮಧ್ಯದಲ್ಲೇ ನಿಂತಿರುತ್ತದೆ. ಮುಳ್ಳು ಮೇಲೇಳುವಷ್ಟರಲ್ಲಿ ಸೀಲುಗಳಿಗೆ ಪೆಟ್ಟು ಬಿದ್ದಿರುತ್ತದೆ. ಬೇರೆ ಸೆನ್ಸರ್ ಹಾಕಿ, ನಿಜವಾದ ಅಂಕಿ ತೋರಿಸುವ ಮೀಟರ್ ಕೂರಿಸುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬೆಲೆಬಾಳುವ ಕೆಲಸ.

ರೇಡಿಯೇಟರ್ ಫ್ಯಾನಿನದೂ ಇಂಥದೇ ಕತೆ. ಎಸಿ ಹಾಕದಿದ್ದರೆ ಅದು ಸುಮಾರು 105 ಡಿಗ್ರಿ ಮುಟ್ಟುವವರೆಗೆ ತಿರುಗುವುದೇ ಇಲ್ಲ. ಇದೇ ಕಾರಿನ ಹಿಂದಿನ ತಲೆಮಾರಿನ ಥರ್ಮೋ ಸ್ವಿಚ್ ಹಾಕಿಕೊಂಡರೆ ಫ್ಯಾನ್ ಸುಮಾರು 95 ಡಿಗ್ರಿಗೇ ಓಡತೊಡಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಈ 10 ಡಿಗ್ರಿಯ ಲಾಭ ಚೆನ್ನಾಗಿ ಗೊತ್ತಾಗುತ್ತದೆ.

ಪ್ಲಾಸ್ಟಿಕ್ ತೊಟ್ಟಿ ಮತ್ತು ಮುಚ್ಚಳ

ಕೂಲೆಂಟಿನೊಳಗಿನ ಗಾಳಿಯನ್ನು ಬೇರ್ಪಡಿಸಲು ಎಫ್‌ಡಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಚಿಕ್ಕ ತೊಟ್ಟಿಯಿದೆ. ವರ್ಷಗಟ್ಟಲೆ ಬಿಸಿ ಉಂಡು ಅದು ಪೆಡಸಾಗಿ ಬಿರುಕುಬಿಡುತ್ತದೆ. ಎಷ್ಟೋ ಎಂಜಿನ್ನುಗಳ ನಾಶ ಈ ಬಿರುಕಿನಿಂದಲೇ ಶುರುವಾಗಿದೆ. ಅದರ ಜಾಗಕ್ಕೆ ಅಲ್ಯೂಮಿನಿಯಮ್ ತೊಟ್ಟಿ ಹಾಕುವುದು, ಹಳೆಯ ಹೋಸ್ ಪೈಪುಗಳನ್ನು ಒಟ್ಟಿಗೇ ಬದಲಿಸುವುದು ಕಡ್ಡಾಯವೆಂದೇ ಹೇಳಬೇಕು.

ಒತ್ತಡ ಹಿಡಿದಿಡುವ ಮುಚ್ಚಳ ಮಾಡುವ ಕೆಲಸ ಕುಕ್ಕರಿನ ತೂಕದ್ದೇ. ವಾತಾವರಣಕ್ಕಿಂತ 1 ಬಾರ್ ಹೆಚ್ಚು ಒತ್ತಡವಿದ್ದರೆ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಹೆಚ್ಚು ಒತ್ತಡದ ಮುಚ್ಚಳ ಹಾಕಿದರೆ ಕುದಿಯುವ ಬಿಂದು ಮೇಲೇರುತ್ತದೆ, ಎಂಜಿನ್ ತಂಪಾಗುವುದಿಲ್ಲ. ಹಳೆಯ ಪ್ಲಾಸ್ಟಿಕ್ ಉಳಿಸಿಕೊಂಡು ಮುಚ್ಚಳ ಮಾತ್ರ ಬಿಗಿ ಮಾಡಿದರೆ ಸೋರಿಕೆಯನ್ನು ಕೈಬೀಸಿ ಕರೆದಂತೆ.

ಗಾಳಿಗೆ ದಾರಿ

ಹೆಚ್ಚಿನವರು ಎಡವುವುದು ಇಲ್ಲೇ. ದಪ್ಪನೆಯ ರೇಡಿಯೇಟರ್ ಕೊಂಡು ತರುತ್ತಾರೆ, ಗಾಳಿ ಅದರ ಮೂಲಕ ಹಾಯುತ್ತದೆಯೇ ಎಂದು ನೋಡುವುದಿಲ್ಲ. ಗಾಳಿ ಸುಲಭದ ದಾರಿ ಹುಡುಕುತ್ತದೆ. ಬಂಪರ್ ಬಾಯಿಗೂ ರೇಡಿಯೇಟರಿಗೂ ನಡುವೆ ಸಂದಿಯಿದ್ದರೆ ಅಲ್ಲಿಂದಲೇ ನುಸುಳಿ ಹೋಗುತ್ತದೆ. ರೇಡಿಯೇಟರ್ ದಪ್ಪವಾದಷ್ಟೂ ಅದರ ಮೂಲಕ ಹಾಯಲು ಗಾಳಿಗೆ ಅಡ್ಡಿ ಹೆಚ್ಚು. ಹಾಗಾಗಿ ಸಂದಿಗಳನ್ನೆಲ್ಲ ಅಲ್ಯೂಮಿನಿಯಮ್ ತಗಡು, ಫೋಮುಗಳಿಂದ ಮುಚ್ಚಿದ ಮೇಲೆಯೇ ದೊಡ್ಡ ರೇಡಿಯೇಟರಿಗೆ ಬೆಲೆ.

ಕಾರಿನ ಮುಂಭಾಗದ ಅಡಿಯಲ್ಲಿರುವ ಪ್ಲಾಸ್ಟಿಕ್ ಹಾಸನ್ನು ಆಯಿಲ್ ಬದಲಿಸುವಾಗ ಬಿಚ್ಚಿ ಮತ್ತೆ ಹಾಕದೇ ಬಿಡುವವರಿದ್ದಾರೆ. ಗಾಳಿಯನ್ನು ರೇಡಿಯೇಟರಿನತ್ತ ತಿರುಗಿಸುವುದು ಆ ಹಾಸೇ. ಅದಿಲ್ಲದೆ ಓಡಿಸಿದರೆ ಹೆದ್ದಾರಿಯಲ್ಲೂ ಕಾವು ಏರುತ್ತದೆ.

ಒಳಬಂದ ಗಾಳಿ ಹೊರಗೂ ಹೋಗಬೇಕು. ಬಾನೆಟ್ಟಿನ ಹಿಂದಿನ ಅಂಚನ್ನು ವಾಷರ್ ಇಟ್ಟು ಎತ್ತುವ ರೂಢಿ ವೇಗದ ಓಟದಲ್ಲಿ ಉಪಯೋಗಕ್ಕೆ ಬಾರದು. ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು, ಅಲ್ಲಿಂದ ಗಾಳಿ ಒಳಕ್ಕೇ ನುಗ್ಗುತ್ತದೆ. ಕಿಂಡಿ ಕೊರೆಯಬೇಕಾದದ್ದು ಬಾನೆಟ್ಟಿನ ಮುಂಭಾಗದಲ್ಲಿ, ರೇಡಿಯೇಟರಿನ ಸ್ವಲ್ಪ ಹಿಂದೆ.

ವಿ-ಮೌಂಟ್

ಟರ್ಬೊ ಬಿಸಿಮಾಡಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ರೇಡಿಯೇಟರಿನ ಮುಂದೆ ಕೂರಿಸಿದರೆ, ರೇಡಿಯೇಟರಿಗೆ ಸಿಗುವುದು ಅದರ ಬಿಸಿಯುಸಿರು. ಜಪಾನಿನ ಟ್ಯೂನರುಗಳು ಬಳಕೆಗೆ ತಂದ ವಿ-ಮೌಂಟ್ ಇದಕ್ಕೆ ಸೊಗಸಾದ ಪರಿಹಾರ. ರೇಡಿಯೇಟರನ್ನು ಕೆಳಗೆ ಓರೆಯಾಗಿ ಮಲಗಿಸಿ, ಇಂಟರ್‌ಕೂಲರನ್ನು ಮೇಲೆ ಓರೆಯಾಗಿ ಕೂರಿಸುತ್ತಾರೆ. ಬಂಪರಿನಿಂದ ಬಂದ ಗಾಳಿ ಎರಡಾಗಿ ಹಂಚಿಹೋಗಿ ಎರಡಕ್ಕೂ ತಾಜಾ ಗಾಳಿಯೇ ದಕ್ಕುತ್ತದೆ. ಬದಲಿಗೆ ಬ್ಯಾಟರಿಯ ಜಾಗ ಬಿಟ್ಟುಕೊಡಬೇಕಾಗಬಹುದು, ಪೈಪುಗಳೆಲ್ಲ ಹೊಸದಾಗಬೇಕು, ಖರ್ಚೂ ಜೋರು. ದಿನವೂ ಕಚೇರಿಗೆ ಓಡಿಸುವ ಕಾರಿಗೆ ಇದು ಬೇಡ. ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹಾಕುವವರಿಗೆ ಹೇಳಿಮಾಡಿಸಿದ್ದು.

ಆಯಿಲ್

ರೋಟರುಗಳ ಒಳಭಾಗವನ್ನು ತಣಿಸುವುದು ಕೂಲೆಂಟ್ ಅಲ್ಲ, ಆಯಿಲ್. ಎಂಜಿನ್ನಿನ ಕಾವಿನಲ್ಲಿ ದೊಡ್ಡ ಪಾಲನ್ನು ಅದೇ ಹೊತ್ತೊಯ್ಯುತ್ತದೆ. ಅಮೆರಿಕದಲ್ಲಿ ಮಾರಾಟವಾದ ಸಾಮಾನ್ಯ ಮಾದರಿಗೆ ಒಂದು ಆಯಿಲ್ ಕೂಲರ್, ಕ್ರೀಡಾಪ್ರಿಯರಿಗೆಂದು ಮಾಡಿದ ‘ಆರ್1’ಗೆ ಎರಡು. ಶಕ್ತಿ ಹೆಚ್ಚಿಸುವವರು ಎರಡನೆಯದನ್ನು ಸೇರಿಸಿಕೊಳ್ಳಲೇಬೇಕು.

ಕೂಲೆಂಟ್, ಥರ್ಮೋಸ್ಟ್ಯಾಟ್

ನೀರು, ಗ್ಲೈಕಾಲ್ ಸಮಪಾಲಿನ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಆದರೆ ಬರಿಯ ನೀರಿನಷ್ಟು ಕಾವನ್ನು ಅದು ಹೊರಲಾರದು. ಚಳಿಯಿಲ್ಲದ ಊರಿನಲ್ಲಿ ಗ್ಲೈಕಾಲ್ ಕಡಿಮೆ ಮಾಡಿ, ತುಕ್ಕು ತಡೆಯುವ ದ್ರಾವಣ ಬೆರೆಸಿಕೊಳ್ಳಬಹುದು. ಚೆಲ್ಲಿದರೆ ರಸ್ತೆ ಜಾರುತ್ತದೆಂದು ಅನೇಕ ರೇಸ್ ಟ್ರ್ಯಾಕುಗಳಲ್ಲಿ ಗ್ಲೈಕಾಲಿಗೆ ನಿಷೇಧವಿದೆ.

ಥರ್ಮೋಸ್ಟ್ಯಾಟ್ ಕಿತ್ತರೆ ಎಂಜಿನ್ ತಂಪಾಗುತ್ತದೆ ಎಂಬ ನಂಬಿಕೆ ಈ ಎಂಜಿನ್ನಿನ ಮಟ್ಟಿಗೆ ಅಪಾಯಕಾರಿ. ಇಲ್ಲಿ ಥರ್ಮೋಸ್ಟ್ಯಾಟ್ ತೆರೆದುಕೊಳ್ಳುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತುಹಾಕಿದರೆ ಕೂಲೆಂಟಿನ ಒಂದು ಪಾಲು ರೇಡಿಯೇಟರನ್ನು ಕಾಣದೆ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ.

ತೊಂದರೆ ಪತ್ತೆಹಚ್ಚುವುದು

ಕೂಲೆಂಟ್ ತುಂಬಿಸುವಾಗ ಹೀಟರ್ ತೆರೆದಿಟ್ಟು, ಕಾರಿನ ಮೂತಿ ಎತ್ತಿ, ಸಿಕ್ಕಿಕೊಂಡ ಗಾಳಿಯನ್ನೆಲ್ಲ ಹೊರಹಾಕಬೇಕು. ಆಮೇಲೂ ಕಾವು ಏರಿದರೆ ಎಲ್ಲಿ, ಯಾವಾಗ ಏರುತ್ತದೆಂದು ಮೀಟರಿನಲ್ಲಿ ಗಮನಿಸಬೇಕು. ನಿಂತಾಗ ಏರಿ, ಓಡುವಾಗ ಇಳಿದರೆ ಫ್ಯಾನ್ ಅಥವಾ ಅದರ ಸುತ್ತಲಿನ ಕವಚ ನೋಡಿ. ಹೆದ್ದಾರಿಯ ವೇಗದಲ್ಲೇ ಏರಿದರೆ ಗಾಳಿಯ ದಾರಿಯಲ್ಲೋ ಕಟ್ಟಿಕೊಂಡ ರೇಡಿಯೇಟರಿನಲ್ಲೋ ದೋಷವಿದೆ. ಟ್ರ್ಯಾಕಿನಲ್ಲಿ ಕೆಲವು ಸುತ್ತುಗಳಾದ ಮೇಲೆ ಮೆಲ್ಲಗೆ ಮೇಲೇರುತ್ತಾ ಹೋದರೆ ಆಯಿಲಿನ ತಾಪಮಾನವನ್ನೂ ಅಳೆಯಿರಿ. ಹೆಚ್ಚಾಗಿ ಕೊರತೆ ಇರುವುದು ಆಯಿಲ್ ಕೂಲರಿನಲ್ಲಿ.